ಪೈಪಿನ ಒಳ್ಗ ಬುಡೋ ಕ್ಯಾಮರ: ವೈರಿಂದಾ, ವೈಫೈದಾ?

ಹೋದ್ ಸಲ ಹುಣಸೆಹಣ್ಣು ಕುಟ್ಟಿ ಉಪ್ಪಾಕಿ ಇಡೋ ವಿಚಾರ ಬರ್ದಿದ್ದೆ. ಅದನ್ನ ಓದ್ಬುಟ್ಟು ನಂಜನಗೂಡಲ್ಲಿರೋ ನಮ್ಮ ಚಿಕ್ಕವ್ವನ ಮಗಳು ಫೋನ್ ಮಾಡಿದ್ಲು. "ಅಕ್ಕ, ಹುಣಸೆಹಣ್ಣು ಅತ್ಲಾಗಿರ್ಲಿ, ನಿಮ್ಮ ಮೋರಿ ಕತೆ ಏನಾಯ್ತು? ಅದ್ಯಾವ್ದೋ ಕ್ಯಾಮರ ಬುಟ್ರಂತಲ್ಲ, ನಮ್ಮನೇಲೂ ಬಚ್ಚಲು ಕಟ್ಕಂಡು ಕುಂತದ, ಎಂತದ್ದು ತಕ್ಕಳಾದು ಅಂತ ಅದ ಬರಿ" ಅಂದ್ಲು. ಬರಿಬೇಕಾ ಬ್ಯಾಡ್ವಾ ಅಂತ ಒಂದು ವಾರ ಯೋಚ್ನೆ ಮಾಡ್ದೆ. ಯಾಕಂದ್ರ ಕ್ಯಾಮರ ವಿಚಾರ ಬರಿಯಾಕ ಹೋದ್ರ ನಾನು ಆಡಿದ್ ಮಾತನ್ನೂ ಬರಿಬೇಕಾಯ್ತದ. ಅದ ಬುಟ್ಟು ಇದ ಬರೆದ್ರ ಅರ್ಧ ಸುಳ್ಳಾಯ್ತದ. ಹೆಂಗೂ ಊರಲ್ಲಿ ಅರ್ಧ ಜನಕ್ಕ ಗೊತ್ತದ, ಬರಿತೀನಿ.

ನಮ್ಮನೆ ನಿಮ್ಗ ಗೊತ್ತಲ್ಲ. ಮಾವನವ್ರ ಕಾಲದ ಒಂದೇ ಮನೆ, ಪಾಲಾದ ಮ್ಯಾಲ ಮಧ್ಯಕ್ಕ ಗೋಡೆ ಬಂತು. ಈ ಕಡೆ ನಾವು, ಆ ಕಡೆ ಮೈದ, ನಮ್ಮ ಓರಗಿತ್ತಿ, ಅವರ ಮಗ, ಸೊಸೆ. ಒಲೆ ಬ್ಯಾರೆ ಆಯ್ತು, ಕರೆಂಟ್ ಮೀಟ್ರು ಬ್ಯಾರೆ ಆಯ್ತು, ನಲ್ಲಿ ಬ್ಯಾರೆ ಆಯ್ತು. ಹಿತ್ಲಲ್ಲಿ ನೆಲದೊಳ್ಗ ಇರೋ ಪೈಪು ಮಾತ್ರ ಒಂದೇ ಉಳ್ಕತ್ತು. ಪಾಲಿನ ಪತ್ರ ಬರೆಯೋವಾಗ ತೆಂಗಿನಮರ ಎಣಿಸ್ತಾರ, ಕೊಟ್ಟಿಗೆ ಅಳೀತಾರ, ಪೈಪು ಯಾರೂ ಕೇಳಾದಿಲ್ಲ. ನಮ್ಮ ಬಚ್ಚಲು, ಕಕ್ಕಸಿನ ನೀರು ನಮ್ಮ ಹಿತ್ಲ ಚೇಂಬರಿಗೆ ಬಂದು, ಗೋಡೆ ಅಡೀಲಿ ದಾಟಿ, ಅವರ ಪೈಪನ್ನೂ ಸೇರಿಸ್ಕಂಡು, ಅವರ ಹಿತ್ಲ ಕೊನೇಲಿರೋ ಸೆಪ್ಟಿಕ್ ಗುಂಡಿಗೆ ಹೋಯ್ತದ. ನಾಕಿಂಚಿನ ಪೈಪು. ನಮ್ಮನೆ ವಸಿ ಎತ್ರ, ಅವ್ರದು ತಗ್ಗು. ಕಟ್ಕಂಡ್ರ ಮೊದ್ಲು ತೊಂದ್ರೆ ಅವ್ರಿಗೇಯ.

ಯುಗಾದಿ ಕಳ್ದು ಹತ್ತು ದಿನಕ್ಕ ಸುರುವಾಯ್ತು. ನಾವು ಇಲ್ಲಿ ನೀರು ಉಯ್ಕಂಡ್ರ ಅವರ ಬಚ್ಚಲಲ್ಲಿ ನೊರೆ ಏಳ್ತಿತ್ತು. ನಮ್ಮ ಮೈ ತೊಳ್ದ ನೀರು ಅವರ ಮನೆ ಒಳ್ಗ! ಯಾರ್ಗಾದ್ರೂ ಸಿಟ್ಟು ಬತ್ತದ. ಓರಗಿತ್ತಿ ಬಂದು "ಅಕ್ಕ, ಏನಾಕ್ತಿದ್ದೀರಿ ಮೋರಿಗ, ಎಣ್ಣೆ ಜಿಡ್ಡು ಸುರಿಬ್ಯಾಡಿ" ಅಂದ್ಲು. ಎರಡು ಸಲ ಸುಮ್ಕಿದ್ದೆ. ಮೂರ್ನೇ ಸಲ ಬಂದಾಗ ನಮ್ಮನೇಲಿ ನೆಂಟ್ರಿದ್ರು. ಅವರ ಮುಂದ ಅಂದ್ಬುಟ್ಲಲ್ಲ ಅಂತ ನನ್ಗ ತಲೆ ಕೆಟ್ಟೋಯ್ತು. "ನಮ್ಮನೇಲಿ ಇರೋರು ಇಬ್ಬರು ಮುದುಕ್ರು, ನಾವೇನಾಕ್ತೀವಿ? ನಿನ್ ಸೊಸೆ ಪ್ಯಾಡು ಪಾಡು ಕಕ್ಕಸಿಗೆ ಬಿಸಾಕ್ತಾಳೇನೋ ಕೇಳು ಹೋಗು" ಅಂದ್ಬುಟ್ಟೆ.

ಅಂದಿದ್ದು ಒಂದೇ ಮಾತು. ಆ ಹುಡುಗಿ ಗೋಡೆ ಆ ಕಡೆ ಬಟ್ಟೆ ಒಣಗಾಕ್ತಾ ನಿಂತಿತ್ತು. ಬಟ್ಟೆ ಬಕೀಟು ಅಲ್ಲೇ ಬುಟ್ಟು ಒಳ್ಗ ಹೋಯ್ತು. ಆವತ್ತಿಂದ ಎರಡು ಮನೆ ಮಧ್ಯೆ ಮಾತು ನಿಂತೋಯ್ತು. ಗಂಡಸ್ರು ಬೀದೀಲಿ ಮಾತಾಡೋರು, ನಾವು ಹೆಂಗಸ್ರು ಮೊಕ ಕೊಟ್ಟು ನೋಡ್ತಿರ್ಲಿಲ್ಲ.

ಈಗ ಖರ್ಚಿನ ಕತೆ. ಮೊದ್ಲು ಆಸಿಡ್ ತಂದು ಸುರುದ್ವು, ಏನೂ ಆಗ್ಲಿಲ್ಲ. (ಒಂದು ಮಾತು ಇಲ್ಲೇ ಹೇಳ್ಬುಡ್ತೀನಿ. ಆಸಿಡ್ ಹಾಕಿದ್ ಮ್ಯಾಲ ಬ್ಲೀಚಿಂಗ್ ಪೌಡರ್ ಹಾಕ್ಬ್ಯಾಡಿ. ಎರಡೂ ಸೇರಿದ್ರ ಕ್ಲೋರಿನ್ ಗಾಳಿ ಏಳ್ತದ, ಬಾಗ್ಲು ಮುಚ್ಚಿರೋ ಬಚ್ಚಲಲ್ಲಿ ಉಸ್ರು ಕಟ್ತದ.) ಆಮ್ಯಾಲ ಗುಂಡಿ ತುಂಬದ ಅಂತ ಯಾರೋ ಅಂದ್ರು, ಚಾಮರಾಜನಗರದಿಂದ ಹೀರೋ ಗಾಡಿ ತರಿಸಿದ್ವು. ಮುಚ್ಚಳ ತಗ್ದು ನೋಡಿದ್ರ ಗುಂಡಿ ಅರ್ಧಾನೂ ಇಲ್ಲ. ಬಂದ ಗಾಡಿಗೆ ಬಾಡಿಗೆ ಕೊಡಲೇಬೇಕಲ್ಲ, ಕೊಟ್ವು.

ಅದಾದ್ ಮ್ಯಾಲ ಒಬ್ಬ ಬಂದ. ಬಿದಿರು ದೆಬ್ಬೆ ಹಿಡ್ಕಂಡು ಬಂದು ಎರಡು ಗಂಟೆ ತಿವುದ್ನ. ಆಗ್ಲಿಲ್ಲ. ಕಡೀಗ "ಯಜಮಾನ್ರೇ, ಸಾವ್ರ ರೂಪಾಯಿ ಕೊಡಿ, ಗುಂಡಿಗ ಇಳ್ದು ಆ ಕಡೆಯಿಂದ ಕೈ ಹಾಕಿ ತಗೀತೀನಿ" ಅಂದ. ನಮ್ಮೆಜಮಾನ್ರು ಹೂಂ ಅನ್ನೋ ಹಂಗೇ ಇದ್ರು. ನಾನು ಬ್ಯಾಡ ಅಂದೆ. ನನ್ಗೇನು ದೊಡ್ಡ ದಯೆ ಅಂತಲ್ಲ, ಹೆದ್ರಿಕೆ. ಗುಂಡಿ ಒಳ್ಗ ಇರೋ ಗಾಳಿ ಕಣ್ಗ ಕಾಣಲ್ಲ, ಇಳ್ದೋನು ಮ್ಯಾಲ ಬರಾದಿಲ್ಲ, ಎತ್ತಾಕ ಹೋದೋನೂ ಬರಾದಿಲ್ಲ, ಎಷ್ಟು ಸಲ ಪೇಪರಲ್ಲಿ ಓದಿಲ್ಲ. ಮಲ ಹೊರೋ ಪದ್ಧತೀನ ನಮ್ಮ ರಾಜ್ಯದಲ್ಲಿ ದೇವರಾಜ ಅರಸು ಕಾಲದಲ್ಲೇ ಬಸವಲಿಂಗಪ್ಪನೋರು ಮಂತ್ರಿ ಆಗಿದ್ದಾಗ ನಿಲ್ಲಿಸಿದ್ರು. 2013ರ ಕಾಯ್ದೆ ಪ್ರಕಾರ ಏನೂ ರಕ್ಷಣೆ ಇಲ್ದೆ ಯಾರ್ನಾದ್ರೂ ಗುಂಡಿಗೆ ಇಳ್ಸಿದ್ರ ಇಳ್ಸಿದೋರ್ಗ ಎರಡು ವರ್ಷದವರ್ಗೂ ಜೈಲು, ಇಲ್ಲ ಎರಡು ಲಕ್ಷದವರ್ಗೂ ದಂಡ, ಇಲ್ಲಾಂದ್ರ ಎರಡೂ. ಸುಪ್ರೀಂ ಕೋರ್ಟು 2023ರಲ್ಲಿ ಸತ್ತೋರ ಮನೆಗ 30 ಲಕ್ಷ ಪರಿಹಾರ ಅಂತ ಹೇಳದ. ಇಷ್ಟೆಲ್ಲ ಆದ್ರೂ ನಮ್ಮ ಹಿತ್ಲಿಗ ಬಂದು ಸಾವ್ರಕ್ಕ ಇಳೀತೀನಿ ಅಂತ ಒಬ್ಬ ಮನುಷ್ಯ ಕೇಳ್ತಾನಲ್ಲ, ಅದು ನನ್ಗ ರಾತ್ರಿ ನಿದ್ದೆ ಬರ್ದಂಗ ಮಾಡ್ತು. ಅವನ್ಗ ಕಾಫಿ ಕೊಟ್ಟು, ದೆಬ್ಬೆ ಕೆಲಸದ ಕೂಲಿ ಕೊಟ್ಟು ಕಳ್ಸಿದ್ವು.

ಆಗ ಬೆಂಗ್ಳೂರಲ್ಲಿರೋ ನಮ್ಮ ಮಗ ಅಂದ: "ಅವ್ವ, ಒಳ್ಗ ಏನದ ಅಂತ ನೋಡ್ದೆ ಯಾಕ ದುಡ್ಡು ಸುರೀತೀರಿ? ಅಪ್ಪನ್ಗ ಹೊಟ್ಟೆ ಒಳ್ಗ ಪೈಪು ಬುಟ್ಟು ನೋಡ್ಲಿಲ್ವಾ, ಅಂತದ್ದೇ ಕ್ಯಾಮರ ಮೋರಿಗೂ ಸಿಕ್ತದ." ಹೌದು ಕನ್ರೀ, ನಮ್ಮೆಜಮಾನ್ರಿಗೆ ಹುಣ್ಣಾದಾಗ ಮೈಸೂರಲ್ಲಿ ಎಂಡೋಸ್ಕೋಪಿ ಮಾಡಿಸಿದ್ದು. ಇದರ ಹೆಸ್ರೂ ಎಂಡೋಸ್ಕೋಪೇ. ನಮ್ಮೆಜಮಾನ್ರು ಅದ ನೋಡಿ "ಇದ ನನ್ ಹೊಟ್ಟೆಗ ಬುಟ್ಟಿದ್ದು ಮಾತ್ರ ಅಲ್ಲ ತಾನೆ" ಅಂದ್ರು.

ಮಗ ಆನ್‌ಲೈನಲ್ಲಿ ಕಳಿಸಿದ್ದು ವೈರಿಂದು. ನಮ್ಗ ಬಿದ್ದದ್ದು 850 ರೂಪಾಯಿ. ಐದು ಮೀಟ್ರು ಉದ್ದದ ಗಟ್ಟಿ ತಂತಿ, ತುದೀಲಿ ಕಿರುಬೆರಳಿಗಿಂತ ಸಣ್ಣದಾದ ಕ್ಯಾಮರ, ಅದರ ಸುತ್ತ ಪುಟ್ಟ ಪುಟ್ಟ ಎಲ್‌ಇಡಿ ದೀಪ. ಇನ್ನೊಂದು ತುದೀನ ಫೋನಿಗೆ ಚಾರ್ಜರ್ ಚುಚ್ಚೋ ಜಾಗಕ್ಕ ಚುಚ್ಚಬೇಕು. ಆಪ್ ಹಾಕಂಡ್ರ ಆಯ್ತು, ಫೋನಲ್ಲಿ ಚಿತ್ರ ಬತ್ತದ. ತಕ್ಕಳಾಕ ಮುಂಚೆ ನಿಮ್ಮ ಫೋನಿನ ತೂತು ಯಾವುದು ನೋಡ್ಕಳಿ, ಟೈಪ್-ಸಿ ನೋ ಹಳೇ ಸಣ್ಣ ಪಿನ್ನಿಂದೋ ಅಂತ. ಫೋನಿಗೆ ಓಟಿಜಿ ಅನ್ನೋ ಅನುಕೂಲ ಇರಬೇಕು, ಇಲ್ದಿದ್ರ ಚುಚ್ಚಿದ್ರೂ ಕಣ್ಣು ಬುಡಾದಿಲ್ಲ. ಹಳೇ ಐಫೋನ್ ಇರೋರ್ಗ ಈ ಆಂಡ್ರಾಯ್ಡ್ ವೈರು ಆಗಿಬರಾದಿಲ್ಲ. ಬ್ಯಾರೆ ಬ್ಯಾಟ್ರಿ ಇಲ್ಲ, ಫೋನಿಂದಲೇ ಕರೆಂಟ್ ಎಳ್ಕತದ, ಅದ್ಕೇ ಫೋನ್ ತುಂಬ ಚಾರ್ಜ್ ಮಾಡ್ಕಂಡು ಸುರುಮಾಡಿ.

ನಾವು ಮೊದಲ್ನೇ ದಿನ ಹಂಗೇ ಬುಟ್ಟು ನೋಡ್ದಾಗ ಏನೂ ಕಾಣ್ಲಿಲ್ಲ. ಬರೀ ಕಾಫಿ ಕಷಾಯ. ಕ್ಯಾಮರ ನೀರಲ್ಲಿ ಮುಳುಗಿದ್ರ ಕೆಡಾದಿಲ್ಲ, ಆದ್ರ ಕೊಚ್ಚೆ ನೀರಲ್ಲಿ ಕಣ್ಣಿದ್ರೂ ಕುರುಡು. ಪೈಪು ಪೂರ್ತಿ ಕಟ್ಟಿರ್ಲಿಲ್ಲ, ತೊಟ್ಟು ತೊಟ್ಟಾಗಿ ಹೋಯ್ತಿತ್ತು. ರಾತ್ರಿಯೆಲ್ಲ ಎರಡು ಮನೇಲೂ ನೀರು ಬುಡದಂಗ ಇದ್ರ ಬೆಳಿಗ್ಗೆ ಹೊತ್ತಿಗೆ ಖಾಲಿ ಆಯ್ತದ ಅಂತ ಲೆಕ್ಕ ಹಾಕಿ, ಗಂಡಸ್ರ ಮೂಲಕ ಆ ಮನೆಗ ಹೇಳಿ ಕಳಿಸ್ದೆ. ಪಾಪ, ಅವ್ರೂ ಒಪ್ಪಿದ್ರು. ಬೆಳಿಗ್ಗೆ ನಾಕೂವರೆಗೆ ಎದ್ದು ಟಾರ್ಚು ಹಿಡ್ಕಂಡು ಚೇಂಬರ್ ಮುಂದ ಕುಂತ್ವು. ನಾನು ಫೋನ್ ಹಿಡ್ಕಂಡಿದ್ದೆ, ಯಜಮಾನ್ರು ತಂತಿ ತಳ್ತಿದ್ರು. ವೈರಿಂದಲ್ವಾ, ಫೋನು ಚೇಂಬರಿನ ಬಾಯಿ ಪಕ್ಕಾನೇ ಇರಬೇಕು. ಮೂಗಿಗೆ ಸೆರಗು ಕಟ್ಕಂಡು ಬಗ್ಗಿದ್ದೇ ಬಗ್ಗಿದ್ದು. ಒಂದ್ಸಲ ಫೋನು ಜಾರಿ ಒಳ್ಗ ಬೀಳೋದ್ರಲ್ಲಿತ್ತು.

ಆದ್ರ ಚಿತ್ರ ಚೊಕ್ಕವಾಗಿತ್ತು. ಒಂದು ಚೂರೂ ತಡ್ಕಳ್ದಂಗ ನಾವು ತಳ್ಳಿದ ಹಂಗೇ ಓಡ್ತಿತ್ತು. ಮೊದ್ಲು ಬೆಳಕು ಜಾಸ್ತಿ ಆಗಿ ಬರೀ ಬಿಳಿ ಕಂಡ್ತು, ವೈರಲ್ಲಿರೋ ಸಣ್ಣ ಚಕ್ರ ತಿರುಗಿಸಿ ಬೆಳಕು ಕಮ್ಮಿ ಮಾಡ್ದೆ. ತಂತಿ ಒಳ್ಗೊಳ್ಗೇ ತಿರಿಕ್ಕತದಲ್ಲ, ಮ್ಯಾಲ ಯಾವುದು ಕೆಳಗ ಯಾವುದು ಗೊತ್ತಾಗಲ್ಲ. ನೀರಿನ ಗೆರೆ ಯಾವ ಕಡೆ ಅದೋ ಅದೇ ತಳ ಅಂತ ತಿಳ್ಕಬೇಕು. ಒಂದಿಂಚು ಎರಡಿಂಚು ಹತ್ರ ಇದ್ರ ಚೆಂದಾಗಿ ಕಾಣ್ತದ, ದೂರದ್ದು ಮಬ್ಬು. ಒಂದು ಜಿರಳೆ ಎದ್ರಿಗೆ ಬಂದಾಗ ನಾನು ಫೋನ್ ಬಿಸಾಕೋದೊಂದು ಬಾಕಿ.

ಐದು ಮೀಟ್ರು ಅಂದ್ರ ಹದಿನಾರಡಿ ಚಿಲ್ರೆ. ತಂತಿ ಮುಗ್ಯಾ ತಂಕ ಪೈಪು ಖಾಲಿ. ಒಂಚೂರು ಜಿಡ್ಡು ಬುಟ್ರ ಏನೂ ಇಲ್ಲ. ಗೋಡೆ ಕೆಳಗ ದಾಟಿ ಅವರ ಹಿತ್ಲಿಗ ಹೋಗದ, ಅಲ್ಲೀತಂಕ ಚೊಕ್ಕ! ನನ್ಗ ಎಷ್ಟು ಕುಷಿ ಆಯ್ತು ಅಂದ್ರ, ವಿಡಿಯೋ ಮಾಡ್ಕಂಡು ನಾದ್ನಿಗೆ, ನಮ್ಮಕ್ಕನ್ಗ, ಇನ್ನೂ ಮೂರ್ನಾಕು ಜನಕ್ಕ ವಾಟ್ಸಾಪಲ್ಲಿ ಕಳಿಸ್ದೆ. "ನೋಡಿ, ನಮ್ಮ ಕಡೆ ಏನೂ ಇಲ್ಲ, ಇರೋದೆಲ್ಲ ಆ ಕಡೆ" ಅಂತ ಬರೆದೂ ಬರೆದೆ. ನಿಮ್ಮಲ್ಲೂ ಕೆಲವ್ರಿಗೆ ಬಂದಿರ್ತದ ಅದು. ತಂತಿ ಗಿಡ್ಡ ಇದ್ದುದ್ಕ ಗೆದ್ದೆ ಅನ್ನಾದು ಆಗ ಹೊಳೀಲಿಲ್ಲ.

ಶ್ರಾವಣದಲ್ಲಿ ನಮ್ಮಣ್ಣನ ಮಗ ಮೈಸೂರಿಂದ ಬಂದಿದ್ದ. ಎಲೆಕ್ಟ್ರಿಕ್ ಕೆಲಸ ಮಾಡ್ತಾನ, ಗೋಡೆ ಒಳ್ಗಿನ ಪೈಪು ನೋಡಾಕ ಅಂತ ಅವನತ್ರ ವೈಫೈ ಕ್ಯಾಮರ ಇತ್ತು, ಹತ್ತು ಮೀಟ್ರಿಂದು. "ಅತ್ತೆ, ಇನ್ನೂ ಮುಂದ ನೋಡಾವ" ಅಂದ. ನಾನು ವೈರಿಲ್ಲದ್ದು ಅಂದ್ರ ಗುಂಡು ಬಿಲ್ಲೆ ತರ ಒಳ್ಗ ಬುಟ್ರ ತಾನೇ ಓಡ್ತದೇನೋ ಅಂದ್ಕಂಡಿದ್ದೆ. ನಗಾಡ್ದ. ಇದಕ್ಕೂ ಅದೇ ಗಟ್ಟಿ ತಂತಿ ಅದ. ವ್ಯತ್ಯಾಸ ಇಷ್ಟೇ, ತಂತಿ ಈ ತುದಿ ಫೋನಿಗೆ ಚುಚ್ಚಾದು ಬುಟ್ಟು ಬೆಂಕಿಪೊಟ್ಟಣದಷ್ಟು ಡಬ್ಬಿಗೆ ಚುಚ್ಕಂಡಿರ್ತದ, ಆ ಡಬ್ಬಿಯಿಂದ ಫೋನಿಗೆ ವೈಫೈಲಿ ಚಿತ್ರ ಬತ್ತದ. ಕ್ಯಾಮರದಲ್ಲೇ ವೈಫೈ ಇಟ್ಟು ಒಳ್ಗ ಬುಡಾಕ ಆಗಲ್ವಾ ಅಂತ ಕೇಳ್ದೆ. ಹಸಿ ಮಣ್ಣು, ನೀರು ದಾಟ್ಕಂಡು ವೈಫೈ ಬರಾದಿಲ್ವಂತ. ಬಂದ್ರೂ, ಸಿಕ್ಕಾಕಂಡ್ರ ಎಳ್ಕಳಾಕ ತಂತಿ ಬ್ಯಾಡ್ವಾ ಅಂದ. ಅದು ಸರಿ. ಬಾವಿಗೆ ಹಗ್ಗ ಇಲ್ದೆ ಬಿಂದ್ಗೆ ಬುಟ್ಟಂಗ ಆಯ್ತದ.

ಅದರಲ್ಲಿ ತಾಪತ್ರಯ ಜಾಸ್ತಿ. ಡಬ್ಬಿಗೆ ಬ್ಯಾರೆ ಚಾರ್ಜ್ ಮಾಡಬೇಕು, ಅವನು ಮಾಡಿರ್ಲಿಲ್ಲ, ಒಂದು ಗಂಟೆ ಕಾದ್ವು. ಫೋನು ಆ ಡಬ್ಬಿ ವೈಫೈ ಹಿಡ್ಕಂಡಿರೋವಾಗ ಅದರಲ್ಲಿ ಇಂಟರ್ನೆಟ್ ಇಲ್ಲ ಅಂತ ತಾನೇ ಬುಟ್ಟು ಬುಟ್ಟು ಹೋಯ್ತಿತ್ತು, ಮೊಬೈಲ್ ಡೇಟಾ ಆಫ್ ಮಾಡಿದ್ ಮ್ಯಾಲ ನಿಂತ್ತು. ಚಿತ್ರ ವಸಿ ತಡವಾಗಿ ಬತ್ತದ, ನೀವು ತಳ್ಳಿ ನಿಲ್ಲಿಸಿದ್ ಮ್ಯಾಲೂ ಫೋನಲ್ಲಿ ಓಡ್ತಿರ್ತದ. ರೇಟೂ ಜಾಸ್ತಿ, ಅವನು 1,900 ಕೊಟ್ಟಿದ್ನಂತ. ಒಂದು ಅನುಕೂಲ ಅಂದ್ರ ಫೋನ್ ಹಿಡಿಯೋರು ಗುಂಡಿ ಪಕ್ಕ ಬಗ್ಗಬೇಕಾಗಿಲ್ಲ. ಬಿಸಿಲಲ್ಲಿ ಫೋನು ಕಾಣಾದಿಲ್ಲ ಅಂದ್ರ ನೆರಳಿಗೆ ಹೋಗಿ ನೋಡ್ಬೌದು. ಐಫೋನಿಗೂ ಆಯ್ತದ.

ತಂತಿಗ ಒಂದೊಂದಡಿಗೂ ಬಣ್ಣದ ಟೇಪು ಸುತ್ತುದ್ವು, ಐದಡಿಗೆ ಕೆಂಪು, ಉಳಿದಿದ್ದಕ್ಕ ಬಿಳಿ. ಇದ ಎಲ್ಲಾರೂ ಮಾಡಿ, ದುಡ್ಡು ಕೊಟ್ಟು ತಕ್ಕಂಡ ಕ್ಯಾಮರಗಿಂತ ಈ ಟೇಪೇ ಮುಖ್ಯ. ತಾವು ಗೊತ್ತಾಗದೆ ಒಳ್ಗ ಕಲ್ಲದ ಅಂತ ತಿಳ್ಕಂಡು ಏನು ಮಾಡೀರಿ, ಹಿತ್ಲೆಲ್ಲ ಅಗೀತೀರಾ?

ಹುಡುಗ ಚೇಂಬರಲ್ಲಿ ತಂತಿ ಹಿಡ್ಕಂಡ. ನನ್ ಕೈಲಿ ಫೋನಿತ್ತು, ಅಷ್ಟೊತ್ತಿಗೆ ಓರಗಿತ್ತಿ ಗೋಡೆ ಆ ಕಡೆ ಬಂದು ನಿಂತ್ಲು. ಎದೆಮಟ್ಟದ ಗೋಡೆ ಅದು. ಮಾತಾಡ್ಲಿಲ್ಲ, ಸುಮ್ಕೆ ನಿಂತ್ಲು. ನನ್ಗ ಏನನ್ನಿಸ್ತೋ, "ಇವ್ಳೇ ನೋಡ್ಕಳ್ಲಿ, ನಾಳೆ ನಾನು ಸುಳ್ಳೇಳ್ದೆ ಅನ್ನಬಾರ್ದು" ಅಂತ ಫೋನನ್ನ ಗೋಡೆ ಮ್ಯಾಲಿಂದ ಅವಳ ಕೈಗ ಕೊಟ್ಟೆ. ವೈಫೈ ಅಲ್ವಾ, ಅಲ್ಲೀಗೂ ಚಿತ್ರ ಹೋಯ್ತಿತ್ತು. ವೈರಿಂದಾಗಿದ್ರ ಅವಳು ನಮ್ಮ ಹಿತ್ಲಿಗ ಬರಬೇಕಿತ್ತು, ಬರ್ತಿರ್ಲಿಲ್ಲ.

ಹುಡುಗ ಎಣಿಸ್ತಾ ತಳ್ದ. ಹದಿನೈದು, ಹದಿನಾರು, ಹದಿನೇಳು. ನಾನು ಅವಳ ಮೊಕಾನೇ ನೋಡ್ತಿದ್ದೆ. ಹತ್ತೊಂಬತ್ತು. ಇಪ್ಪತ್ತು. ಇಪ್ಪತ್ತೊಂದಕ್ಕ ತಂತಿ ನಿಂತ್ತು. ಅವಳು ಫೋನನ್ನ ಹತ್ರ ತಕ್ಕಂಡು ನೋಡಿದ್ಲು. ಆಮ್ಯಾಲ ನನ್ನ ನೋಡಿದ್ಲು. ಏನೂ ಅನ್ಲಿಲ್ಲ, ಫೋನನ್ನ ಗೋಡೆ ಮ್ಯಾಲ ಇಟ್ಬುಟ್ಟು ಒಳ್ಗ ಹೋದ್ಲು.

ನಾನು ತಕ್ಕಂಡು ನೋಡ್ದೆ. ಪೈಪಿನ ತಳದಲ್ಲಿ ದಿಬ್ಬ. ಒಬ್ಬಟ್ಟಿನ ಕಣಕ ಬಿದ್ದು ಗಟ್ಟಿ ಆದಂಗ. ಅದಕ್ಕ ಗೋಣಿ ನಾರು ಸಿಕ್ಕಾಕಂಡದ, ನಾರಿಗೆ ಕೂದ್ಲು, ಜಿಡ್ಡು ಅಂಟದ. ಪ್ಯಾಡೂ ಇಲ್ಲ, ಏನೂ ಇಲ್ಲ. ಹುಡುಗ ಚೇಂಬರಿಂದ ಒಂದು ಬಕೀಟು ಒಳ್ಳೆ ನೀರು ಬುಟ್ಟ, ಜಿಡ್ಡು ವಸಿ ಸರೀತು, ದಿಬ್ಬದ ಬಣ್ಣ ಕಂಡ್ತು. ಇಟ್ಟಿಗೆ ಕೆಂಪು.

ಸಂಕ್ರಾಂತಿ ಕಳೆದ್ ಮ್ಯಾಲ ನಮ್ಮ ಬಚ್ಚಲಿಗೆ ಟೈಲ್ಸ್ ಹಾಕಿಸಿದ್ವು. ಟೈಲ್ಸ್ ಸಂದಿಗೆ ತುಂಬೋ ಪುಡಿ ಬಿಳೀದು ಬ್ಯಾಡ, ಕೊಳೆ ಕಾಣ್ತದ, ಇಟ್ಟಿಗೆ ಬಣ್ಣದ್ದೇ ತನ್ನಿ ಅಂತ ಸಂತೇಮರಹಳ್ಳಿ ಅಂಗಡೀಗ ಹೋಗಿ ನಾನೇ ಆರಿಸಿದ್ದು. ಗಾರೆಯೋರು ಸಾಯಂಕಾಲ ಬಾಂಡ್ಲಿ, ಗೋಣಿ ತುಂಡು ಎಲ್ಲ ಬಚ್ಚಲಲ್ಲೇ ತೊಳ್ದು ನೀರು ಬುಡ್ತಿದ್ರು. ನಾನು ಬಾಗ್ಲಲ್ಲೇ ನಿಂತಿದ್ದೆ, ಬಚ್ಚಲು ಚೊಕ್ಕ ಆಯ್ತಲ್ಲ ಅಂತ ಸಂತೋಷ ಪಟ್ಟೆ. ಆ ಸಿಮೆಂಟು ನೀರು ಹೋಯ್ತಾ ಹೋಯ್ತಾ ಪೈಪು ತಗ್ಗಾಗಿರೋ ಜಾಗದಲ್ಲಿ ನಿಂತು ಕಲ್ಲಾಗದ. ನಮ್ಮದು ಎರೆ ಮಣ್ಣು, ಬ್ಯಾಸಗೇಲಿ ಬಿರೀತದ, ಮಳೇಲಿ ಉಬ್ತದ, ಹಳೇ ಪೈಪಿನ ಜಾಯಿಂಟು ವಸಿ ಕುಸ್ದು ತಗ್ಗಾಗಿತ್ತು. ಆಸಿಡ್ ಸುರಿದ್ರೂ ಅಷ್ಟು ದಪ್ಪದ ಕಲ್ಲು ಕರಗ್ತದಾ?

ಅವತ್ತು ಮಧ್ಯಾನ ಊಟ ಸೇರ್ಲಿಲ್ಲ. ಯಜಮಾನ್ರು "ಹೇಳೋದ್ಯಾಕ, ರಿಪೇರಿ ಮಾಡಿಸ್ಬುಡಾವ, ಗೊತ್ತಾಗಾದಿಲ್ಲ" ಅಂದ್ರು. ಗೊತ್ತಾಗಾದಿಲ್ಲ ಅನ್ನಾಕ ಅವಳೇ ಮೊದ್ಲು ನೋಡವಳಲ್ಲ! ಅವಳು ನೋಡ್ದೇ ಇದ್ದಿದ್ರ ಹೇಳ್ತಿದ್ನಾ ಅಂತ ನನ್ನ ನಾನೇ ಕೇಳ್ಕಂಡೆ. ಉತ್ರ ಚೆನ್ನಾಗಿರ್ಲಿಲ್ಲ.

ಸಾಯಂಕಾಲ ದೀಪ ಹಚ್ಚಿ ಆ ಮನೆಗ ಹೋದೆ. ಓರಗಿತ್ತಿ ಸೊಪ್ಪು ಬುಡಿಸ್ತಾ ಕುಂತಿದ್ಲು. "ನಮ್ಮದೇ ಕನವ್ವ, ಟೈಲ್ಸ್ ಸಿಮೆಂಟು" ಅಂದೆ. "ಕಂಡ್ತು" ಅಂದ್ಲು. ಅವಳ್ಗ ಹೇಳಾದು ಸುಲಭ ಇತ್ತು, ಮೂವತ್ತು ವರ್ಷ ಜೊತೇಲಿ ಬಡದಾಡಿ ರೂಢಿ ಅದ. ಸೊಸೇಗ ಹೇಳಾದು ಕಷ್ಟ ಆಯ್ತು. ಅಡ್ಗೆ ಮನೆ ಬಾಗ್ಲಲ್ಲಿ ನಿಂತು, "ನಾನು ಅವತ್ತು ಅಂದದ್ದು ತಪ್ಪು, ನೆಂಟ್ರ ಮುಂದ ಅನ್ನಬಾರ್ದಿತ್ತು" ಅಂದೆ. ಆ ಹುಡುಗಿ ಒಲೆ ಕಡೆ ತಿರಿಕ್ಕಂಡೇ, "ನಮ್ಮ ಊರು ತಂಕ ಹೋಗದ ದೊಡ್ಡತ್ತೆ ಆ ಮಾತು. ನಮ್ಮವ್ವ ಫೋನ್ ಮಾಡಿ ಕೇಳ್ತು, ನಾನು ಅಷ್ಟು ಗಲೀಜಾ ನಿನ್ನ ಬೆಳೆಸಿದ್ದು ಅಂತ" ಅಂತು. ನನ್ಗ ಏನೂ ಮಾತು ಬರ್ಲಿಲ್ಲ. ವಸಿ ಹೊತ್ತು ನಿಂತು ಬಂದೆ. ಮನೆಗ ಬಂದು ಆ ವಿಡಿಯೋ ಯಾರ್ಯಾರ್ಗ ಕಳಿಸಿದ್ನೋ ಅವ್ರಿಗೆಲ್ಲ ಇಟ್ಟಿಗೆ ಬಣ್ಣದ ಕಲ್ಲಿನ ವಿಡಿಯೋನೂ ಕಳಿಸ್ದೆ. ನಮ್ಮಕ್ಕ ಒಂದು ನಗೋ ಗೊಂಬೆ ಕಳಿಸಿದ್ಲು, ಬ್ಯಾರೆಯೋರು ಏನೂ ಅನ್ಲಿಲ್ಲ.

ರಿಪೇರಿ ಸುಲಭ ಆಯ್ತು. ಟೇಪಿನ ಲೆಕ್ಕ ಇಪ್ಪತ್ತೊಂದಡಿ, ಚೇಂಬರಿಂದ ನೆಲದ ಮ್ಯಾಲ ಹಗ್ಗ ಹಿಡ್ದು ಅಳೆದ್ವು, ಅವರ ಕನಕಾಂಬರದ ಪಾತಿ ಹತ್ರ ಬಂತು. ಎರಡಡಿ ಅಗೆದ್ರ ಅಲ್ಲೇ ಪೈಪು. ಒಂದೂವರೆ ಅಡಿ ತುಂಡು ಕುಯ್ದು ಹೊಸ ಪೈಪು, ಎರಡು ಕಪ್ಲಿಂಗ್ ಹಾಕಿ, ತಗ್ಗಾಗಿದ್ದ ತಾವು ಕೆಳಗ ಮರಳು ಕೊಟ್ಟು ಎತ್ತಿ ಕೂರಿಸಿದ್ರು. ಪ್ಲಂಬರ್ ಕೂಲಿ, ಸಾಮಾನು ಎಲ್ಲ ಸೇರಿ 2,800. ನಾವೇ ಕೊಟ್ವು, ಮೈದ ಅರ್ಧ ಕೊಡ್ತೀನಿ ಅಂದ್ರೂ ಯಜಮಾನ್ರು ತಕ್ಕಳ್ಲಿಲ್ಲ. ಕುಯ್ದ ತುಂಡನ್ನ ನಾನು ಎಸೀದೆ ಹಿತ್ಲಲ್ಲಿ ಇಟ್ಟಿವ್ನಿ, ಗಾರೆಯೋರು ಯಾರ ಮನೆಗ ಬಂದ್ರೂ ತೋರಿಸಾಕ. ಸಿಮೆಂಟು ಬಾಂಡ್ಲಿ ತೊಳ್ದ ನೀರನ್ನ ಹಿತ್ಲ ಮಣ್ಣಿಗೆ ಉಯ್ಯಿಸಿ, ಬಚ್ಚಲಿಗೆ ಬುಡ್ಸಬ್ಯಾಡಿ.

ಇನ್ನ ನನ್ನ ಕೇಳಿದ್ರ, ಮನೆ ಮಟ್ಟಿಗೆ ವೈರಿಂದೇ ತಕ್ಕಳಿ. ಕಮ್ಮಿ ದುಡ್ಡು, ಚಾರ್ಜ್ ಗೀರ್ಜ್ ತಲೆನೋವಿಲ್ಲ, ಚಿತ್ರ ಚೊಕ್ಕ. ಮಂಡಿ ನೋವಿರೋರು, ಐಫೋನ್ ಇರೋರು, ಒಬ್ರು ತಳ್ಳಿ ಇನ್ನೊಬ್ರು ದೂರದಲ್ಲಿ ನೋಡಬೇಕು ಅನ್ನೋರು ವೈಫೈದು ತಕ್ಕಬೌದು. ಆದ್ರ ಎರಡ್ರಲ್ಲಿ ಯಾವುದು ಅನ್ನೋಕ್ಕಿಂತ ಮುಂಚೆ ನಿಮ್ಮ ಚೇಂಬರಿಂದ ಗುಂಡಿಗೋ ಮೋರಿಗೋ ಎಷ್ಟಡಿ ಅಂತ ಹಗ್ಗದಲ್ಲಿ ಅಳೀರಿ, ಅದಕ್ಕಿಂತ ಎರಡಡಿ ಉದ್ದದ್ದೇ ತರ್ಸಿ. ತಂತಿ ಗಟ್ಟಿಯದಾಗಿರ್ಲಿ, ಮೆತ್ತಗಿದ್ರ ಮುಂದ ಹೋಗದೆ ಒಳ್ಗೇ ಸುತ್ಕತದ. ಕಕ್ಕಸಿನ ಕಮೋಡಿಂದ ಬುಡಾಕ ಹೋಗ್ಬ್ಯಾಡಿ, ಅಲ್ಲಿ ಬಗ್ಗಿರೋ ತಿರುವು ದಾಟಾದಿಲ್ಲ, ಚೇಂಬರಿಂದಲೇ ಬುಡಿ. ಜೊತೇಲಿ ಕೊಡೋ ಕೊಕ್ಕೆ, ಆಯಸ್ಕಾಂತ ಕಿವಿಯೋಲೆ ಎತ್ತಾಕ ಆದೀತು, ಕಸ ಎಳೆಯಾಕಲ್ಲ. ಆಸಿಡ್ ಹಾಕಿದ್ ದಿನ ಕ್ಯಾಮರ ಬುಡ್ಬ್ಯಾಡಿ, ತಂತಿ ಕೈಗ ಬತ್ತದ. ಕೈಗ ಗ್ಲೌಸು ಹಾಕಳಿ, ಆದ್ ಮ್ಯಾಲ ತಂತೀನ ಸೋಪು ನೀರಲ್ಲಿ, ಆಮ್ಯಾಲ ಡೆಟಾಲ್ ನೀರಲ್ಲಿ ಒರೆಸಿ ನೆರಳಲ್ಲಿ ಒಣಗ್ಸಿ. ಆ ಬಕೀಟು, ಬಟ್ಟೆ ಬ್ಯಾರೆನೇ ಇಡಿ.

ಗೌರಿ ಹಬ್ಬಕ್ಕ ಓರಗಿತ್ತಿ ಬಾಗಿನ ಕೊಟ್ಲು, ನಾನೂ ಕೊಟ್ಟೆ. ಸೊಸೆ ಬಂದು ಕುಂಕುಮ ತಕ್ಕಂಡು ಹೋಯ್ತು, ಬೇಕಾದಷ್ಟೇ ಮಾತು. ಹೋದ ವಾರ ಅದೇ ಹುಡುಗಿ ಗೋಡೆ ಹತ್ರ ನಿಂತು ಕರೀತು. ಅವರವ್ವನ ಮನೇಲಿ ಮೋರಿ ಕಟ್ಕಂಡದಂತ, ಕ್ಯಾಮರ ಬೇಕು ಅಂತು. ಕೊಟ್ಟೆ. ಕೈಲಿ ಹಿಡ್ಕಂಡು ತಿರುಗ್ಸಿ ನೋಡಿ, "ಇದು ಗಿಡ್ಡಂದಲ್ವಾ ದೊಡ್ಡತ್ತೆ, ಹತ್ತು ಮೀಟ್ರಿಂದು ನಿಮ್ಮಣ್ಣನ ಮಗನ್ಗ ಕೇಳಿ ತರಿಸ್ಕೊಡಿ" ಅಂತು.

ಶನಿವಾರ ಬತ್ತೀನಿ ಅಂದವ್ನ.